ತಣಿಬಳ್ಳಿಯ ಮೂರು ತೊಟ್ಟು

“ಮತ್ತೆ ಬಂದಿರಾ? ನಾನು ಒನಕೆ ಎತ್ತಿದ ಗಳಿಗೆಗೇ ಎಲ್ಲರಿಗೂ ಏನಾದರೂ ಬೇಕಾಗುತ್ತೆ. ಬೆಳಗ್ಗೆಯಿಂದ ಈ ಒಂದು ಹಿಡಿ ಹಿಪ್ಪಲಿ ಕುಟ್ಟೋಕೆ ಆಗಿಲ್ಲ. ಮೊದಲು ಪಂಡಿತರ ಶಿಷ್ಯ ಜರಡಿ ಕೇಳ್ಕೊಂಡು ಬಂದ. ಆಮೇಲೆ ಅಡುಗೆಮನೆಯವಳು ಒರಳು ಕೇಳ್ಕೊಂಡು ಬಂದಳು. ಈಗ ನೀವು. ಏನು ಬೇಕು ಹೇಳಿ, ಬೇಗ.”

ಹೀಗೆ ಗದರಿದವಳು ಪುಟ್ಟೀರಿ. ಗದರಿಸಿಕೊಂಡು ಬಾಗಿಲಲ್ಲಿ ನಿಂತವನು ರಾಜಕುಮಾರ ಭೈರದೇವ. ಇದು ನಡೆದದ್ದು ಬಹಳ ಕಾಲದ ಹಿಂದೆ, ತುಂಬೆನಾಡು ಎಂಬ ರಾಜ್ಯದಲ್ಲಿ. ಆ ರಾಜ್ಯದ ನದಿ ಬೆಳಗ್ಗೆ ಒಂದು ಕಡೆಗೆ ಹರಿದರೆ ಸಂಜೆ ಇನ್ನೊಂದು ಕಡೆಗೆ ಹರಿಯುತ್ತಿತ್ತು. ಅಲ್ಲಿನವರಿಗೆ ಅದು ಅಭ್ಯಾಸವಾಗಿತ್ತು. ಬಟ್ಟೆ ಒಗೆಯುವವರು ಮಾತ್ರ ಸ್ವಲ್ಪ ಎಚ್ಚರದಿಂದಿರುತ್ತಿದ್ದರು.

ಅರಮನೆಯ ಹಿಂದೆ ಮದ್ದಿನಮನೆ ಇತ್ತು. ಬೇರು, ತೊಗಟೆ, ಬೀಜಗಳನ್ನು ಕುಟ್ಟಿ ಪುಡಿ ಮಾಡುವುದು ಅಲ್ಲಿ ಪುಟ್ಟೀರಿಯ ಕೆಲಸ. ಅವಳ ಗಂಡ ಉಪ್ಪು ತರಲು ಎತ್ತಿನ ಹಿಂಡಿನ ಜೊತೆ ಕಡಲ ಕಡೆಗೆ ಹೋಗಿದ್ದ. ಮನೆಯಲ್ಲಿ ಅವಳೂ ಐದು ವರ್ಷದ ಮಗಳು ಜಕ್ಕಿಯೂ ಇಬ್ಬರೇ. ಆವತ್ತು ಜಕ್ಕಿ ಮದ್ದಿನಮನೆಯ ಮೂಲೆಯಲ್ಲಿ ಗೋಣಿಚೀಲಕ್ಕೆ ಒರಗಿ ಕೂತಿದ್ದಳು. ಮಲಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು. ಉಗುರು ನೇರಳೆ ಹಣ್ಣು ತಿಂದವರ ತುಟಿಯಂತೆ ನೀಲಿಯಾಗಿತ್ತು.

ಅವಳೊಬ್ಬಳೇ ಅಲ್ಲ. ಮೂರು ದಿನದ ಹಿಂದೆ ಹೊಗೆಮಾರ ಎಂಬ ಮಾಂತ್ರಿಕ ಬೋಳುಗುಡ್ಡದ ಮೇಲೆ ನಿಂತು, ಅಂಗೈಯಲ್ಲಿ ಒಂದು ಚಿಟಿಕೆ ಹಳದಿ ಹೊಗೆ ಇಟ್ಟುಕೊಂಡು, ಊರಿನ ಕಡೆಗೆ ಊದಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ. ಅಂಥವರಿಗೆ ಬೇರೆ ಕೆಲಸವಿರುವುದಿಲ್ಲ. ಹೊಗೆ ಮಧ್ಯಾಹ್ನದೊಳಗೆ ಗಾಳಿಗೆ ಹಾರಿಹೋಯಿತು. ಆದರೆ ಮನೆಗೊಬ್ಬರು ಎದೆ ಹಿಡಿದುಕೊಂಡು ಕೂತರು. ಅರಮನೆಯಲ್ಲಿ ರಾಜರೇ ಕೂತರು.

“ಪುಟ್ಟೀರಕ್ಕ, ಹೊಗೆಮಾರನನ್ನ ಕೊಲ್ಲೋಕೆ ಹೊರಟಿದ್ದೀನಿ,” ಎಂದ ರಾಜಕುಮಾರ. “ವೀರತಿಲಕಕ್ಕೆ ಚೂರು ಅರಿಶಿನ ಬೇಕಿತ್ತು.”

“ಅವನನ್ನ ಕೊಂದರೆ ಏನಾಗುತ್ತೆ?”

“ಮಾಂತ್ರಿಕ ಸತ್ತರೆ ಮಾಯೆ ಹೋಗುತ್ತೆ. ಕತೆಗಳಲ್ಲೆಲ್ಲ ಹಾಗೇ ತಾನೆ?”

“ಆ ಕತೆ ಕಟ್ಟಿದವರ ಮನೆಯಲ್ಲಿ ಕೆಮ್ಮೋ ಮಕ್ಕಳು ಇರಲಿಲ್ಲ ಅನ್ಸುತ್ತೆ. ತಗೊಳ್ಳಿ ಅರಿಶಿನ. ಹಣೆಗೇ ಹಚ್ಚಿಕೊಳ್ಳಿ, ಕಣ್ಣಿಗೆ ಹಚ್ಚಿಕೊಂಡು ಮತ್ತೆ ಇಲ್ಲಿಗೇ ಬರಬೇಡಿ.”

ರಾಜಕುಮಾರ ಹದಿನೆಂಟು ವರ್ಷದವನು. ಒಳ್ಳೆಯವನೇ. ಕುದುರೆ ಹತ್ತಿ ಬೋಳುಗುಡ್ಡಕ್ಕೆ ಹೋದ, ಹೊಗೆಮಾರನ ತಲೆ ಕಡಿದ. ತಲೆ ಉರುಳಿ ಉರುಳಿ ಮಸಿಯಾಯಿತು. ಊರಿನವರು ತಮಟೆ ಬಾರಿಸಿಕೊಂಡು ಅವನನ್ನು ಕರೆತಂದರು. ಆಮೇಲೆ ಎಲ್ಲರೂ ತಂತಮ್ಮ ಮನೆಗೆ ಓಡಿ ಕಾಯಿಲೆಯವರ ಮುಖ ನೋಡಿದರು. ಕಾಯಿಲೆಯವರು ಕೆಮ್ಮುತ್ತಲೇ ಇದ್ದರು.

“ತಲೆ ಸರಿಯಾಗಿ ಕಡಿದಿರಿ ತಾನೆ?” ಎಂದು ಪುಟ್ಟೀರಿ ಕೇಳಿದಳು.

“ಎರಡು ಸಲ ಕಡಿದೆ, ಅಕ್ಕ!”

ರಾಜವೈದ್ಯ ನರಹರಿ ಪಂಡಿತರು ಬಂದರು. ಬಿಳಿ ಗಡ್ಡ, ಬೋಳುತಲೆ, ಹೆಗಲ ಮೇಲೆ ಜರಿಶಾಲು. ಜಕ್ಕಿಯ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ನಾಡಿ ನೋಡಿದರು. “ಶತ್ರು ಇನ್ನೂ ಒಳಗೇ ಇದ್ದಾನೆ. ಖಾರ ಕೊಟ್ಟು ಓಡಿಸಬೇಕು,” ಎಂದರು. ಮೆಣಸು, ಶುಂಠಿ, ಹಿಪ್ಪಲಿ ಎಲ್ಲ ಕೊಟ್ಟಾಯಿತು. ಖಾರಕ್ಕೆ ಜಕ್ಕಿಯ ಕಣ್ಣಲ್ಲಿ ನೀರು ಬಂತೇ ಹೊರತು ಶತ್ರು ಬರಲಿಲ್ಲ.

ಪಂಡಿತರು ಹೋದ ಮೇಲೆ ಪುಟ್ಟೀರಿ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಮಗುವಿನ ಬೆನ್ನು ಅವಳ ಕಿವಿಗೆ ತಾಗಿತು. ಒಳಗೆ ಗದ್ದಲ ಕೇಳಿಸಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ತುಂಬೆನಾಡಿನಲ್ಲಿ ಎಲ್ಲರ ಎದೆಯೊಳಗೂ ಕಾವಲಿನವರಿದ್ದರು. ಸಾಸಿವೆ ಕಾಳಿನಷ್ಟು ಗಾತ್ರ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ಪಂಜು. ಉಸಿರಿನ ಜೊತೆ ಒಳಗೆ ನುಗ್ಗುವ ಕೆಟ್ಟದ್ದನ್ನು ಸುಟ್ಟು ಹಾಕುವುದು ಅವರ ಕೆಲಸ. ಈ ವಿಷಯ ಎಲ್ಲರಿಗೂ ಗೊತ್ತಿತ್ತು. ಆದರೆ ಅವರ ಮಾತು ಕೇಳಬೇಕಾದರೆ ಬೆನ್ನಿಗೆ ಕಿವಿ ಇಡಬೇಕು. ಪಂಡಿತರು ಇನ್ನೊಬ್ಬರ ಬೆನ್ನಿಗೆ ಕಿವಿ ಇಡುವಷ್ಟು ಬಗ್ಗುವವರಲ್ಲ.

“ಯಾರದು ಒಳಗೆ ಕಿರುಚೋದು?” ಎಂದಳು ಪುಟ್ಟೀರಿ.

“ದಳವಾಯಿ ಮಾತಾಡ್ತಿದ್ದೀನಿ!” ಎಂದು ಸೊಳ್ಳೆಯಂಥ ದನಿ ಬಂತು. “ಅಡ್ಡ ಬರಬೇಡಿ. ಕಳ್ಳ ನುಗ್ಗಿದ್ದಾನೆ. ಸುಡ್ತಿದ್ದೀವಿ.”

“ಹೊಗೆ ಹೋಗಿ ಮೂರು ದಿನ ಆಯ್ತಲ್ಲಪ್ಪ. ಇನ್ನೂ ಯಾರನ್ನ ಸುಡ್ತಿದ್ದೀಯ?”

“ಕಳ್ಳ ಹೋದ ಅಂತ ನಮಗೆ ಯಾರೂ ಹೇಳಿಲ್ಲ.”

“ನಾನೇ ಹೇಳ್ತಿದ್ದೀನಲ್ಲ ಈಗ!”

“ಹೊರಗಿನವರ ಮಾತು ಕೇಳಬಾರದು ಅಂತ ಕಟ್ಟಪ್ಪಣೆ.”

ಪುಟ್ಟೀರಿ ಹಲ್ಲು ಕಚ್ಚಿದಳು. “ನಾನು ಹೊರಗಿನವಳಾ? ನೀನಿರೋ ಮನೆ ಹೆತ್ತವಳು ಕಣೋ ನಾನು. ಅಲ್ಲಿ ಸುಡ್ತಿರೋದು ಕಳ್ಳನನ್ನಲ್ಲ, ಮನೆಯನ್ನ. ಆ ನೀರಿನ ಸದ್ದು ಏನದು?”

ದಳವಾಯಿ ಹೇಳಿದ. “ಪಂಜಿನ ಬೆಂಕಿ ಗೋಡೆಗೆ ಹತ್ತಿಕೊಂಡಿತು. ಅದಕ್ಕೇ ನೀರು ಸುರೀತಿದ್ದೀವಿ. ನೀರು ಕೆಳಗಿನಿಂದ ಮೂರನೇ ಪಕ್ಕೆಲುಬು ಮುಟ್ಟಿದೆ. ಹನ್ನೆರಡನೆಯದು ಮುಟ್ಟಿದರೆ ಉಸಿರಿಗೆ ಜಾಗ ಇರಲ್ಲ. ಆದರೂ ಕೆಲಸ ನಿಲ್ಲಿಸೋ ಹಾಗಿಲ್ಲ.”

“ಯಾವಾಗ ನಿಲ್ಲಿಸ್ತೀರಿ?”

“ತಣಿಬಳ್ಳಿಯ ವಾಸನೆ ಬಂದಾಗ. ಅದೇ ನಮಗೆ ‘ಸಾಕು’ ಅನ್ನೋ ಅಪ್ಪಣೆ. ಅದೂ ಹೊಟ್ಟೆಯ ಕಡೆಯ ಒಳಬಾಗಿಲಿಂದ ಬರಬೇಕು. ಮೂಗಿನ ಬಾಗಿಲಿಂದ ಆವಿ ಬರಲಿ, ಹೊಗೆ ಬರಲಿ, ಕಳ್ಳ ಅಂತಲೇ ತಿಳಿದು ಹೊಡೀತೀವಿ.”

ಇಂಥ ಮೊಂಡರ ಕೈಗೆ ಮಗಳ ಎದೆಯನ್ನು ಕೊಟ್ಟವರು ಯಾರೋ ಎಂದು ಬೈದುಕೊಳ್ಳುತ್ತ ಪುಟ್ಟೀರಿ ರಾಜಕುಮಾರನನ್ನು ಕರೆದಳು. ಆ ದಿನ ಅವಳೇ ಒಬ್ಬರನ್ನು ಕರೆದದ್ದು ಅದೊಂದೇ ಸಲ.

ತಣಿಬಳ್ಳಿ ಬೋಳುಗುಡ್ಡದ ಹಿಂದಿನ ಬಂಡೆಗೆ ಹಬ್ಬಿತ್ತು. ಊರಿನಿಂದ ಒಂದು ಹರದಾರಿ. ಬಳ್ಳಿಯ ಬುಡದಲ್ಲಿ ಎಮ್ಮೆಯಷ್ಟು ದೊಡ್ಡ ಉಡ ಮಲಗಿತ್ತು; ಅದರ ಮೈತುಂಬ ಚಿನ್ನದ ಹುರುಪೆ. ಎಲ್ಲರೂ ಅದನ್ನು ಹೊನ್ನುಡ ಎನ್ನುತ್ತಿದ್ದರು. ಮರುದಿನ ಬೆಳಗ್ಗೆ ರಾಜಕುಮಾರ ಹೋಗಿ ಅದರ ಮುಂದೆ ನಿಂತ.

“ಯಾವುದು ಇಲ್ಲದಿದ್ದರೆ ನೀನು ನೀನಲ್ಲವೋ ಅದನ್ನು ಕೊಡು,” ಎಂದಿತು ಹೊನ್ನುಡ. “ಒಂದು ಬುಟ್ಟಿ ಎಲೆ ಕಿತ್ತುಕೊ.”

ರಾಜಕುಮಾರ ಬಹಳ ಯೋಚಿಸಿ ತನ್ನ ಕತ್ತಿಯನ್ನು ಕೊಟ್ಟ. ಎಲೆ ತಂದ.

ಮದ್ದಿನಮನೆಗೆ ಒಂದು ಪದ್ಧತಿ ಇತ್ತು. ಯಾವ ಕಷಾಯವೇ ಆಗಲಿ, ತಾಮ್ರದ ಕೊಪ್ಪರಿಗೆಯಲ್ಲಿ ಬಾಯಿ ತೆರೆದೇ ಕುದಿಸಬೇಕು. ಎಂಟು ಪಾಲು ನೀರು ಒಂದು ಪಾಲಿಗೆ ಇಳಿಯಬೇಕು. ಆವಿ ಮೇಲೆದ್ದು ಮಾಡಿನ ತೊಲೆ ಮುಟ್ಟಿದಾಗ ಶಿಷ್ಯ ಶಂಖ ಊದಬೇಕು. ಶಂಖ ಊದಿದರೆ ಮದ್ದು ಹದವಾಯಿತು ಎಂದು ಅರ್ಥ. ಪಂಡಿತರು ತಣಿಬಳ್ಳಿಯನ್ನೂ ಹಾಗೇ ಕುದಿಸಿದರು. ಮಳೆಗಾಲದ ಮೊದಲ ದಿನದ ಹೊಲದಂಥ ತಂಪು ವಾಸನೆ ಮದ್ದಿನಮನೆಯ ತುಂಬ ಹರಡಿತು. ಶಂಖ ಊದಿತು. ಕೊಪ್ಪರಿಗೆಯ ತಳದಲ್ಲಿ ಉಳಿದ ಕಪ್ಪು ಕಷಾಯವನ್ನು ರಾಜರೂ ಕುಡಿದರು, ಜಕ್ಕಿಯೂ ಕುಡಿದಳು. ಪುಟ್ಟೀರಿ ಮಗಳ ಬೆನ್ನಿಗೆ ಕಿವಿ ಇಟ್ಟಳು.

“ಏನಪ್ಪಾ, ವಾಸನೆ ಬಂತಾ?”

“ಯಾವ ವಾಸನೆ?” ಎಂದ ದಳವಾಯಿ. “ಕಹಿ ನೀರು ಬಂತು. ಅಡ್ಡ ಬರಬೇಡಿ. ಐದನೇ ಪಕ್ಕೆಲುಬು.”

ಪುಟ್ಟೀರಿ ತಲೆ ಎತ್ತಿ ಮಾಡು ನೋಡಿದಳು. ತೊಲೆಯಲ್ಲಿ ಕಡಜದ ಗೂಡು ಇತ್ತು. ಆ ಕಡಜಗಳು ಕಚ್ಚದ ಮನುಷ್ಯ ಮದ್ದಿನಮನೆಯಲ್ಲಿ ಇರಲಿಲ್ಲ. ಶಂಖ ಊದುವ ಶಿಷ್ಯನ ಮೂಗು ವರ್ಷವಿಡೀ ಊದಿಕೊಂಡೇ ಇರುತ್ತಿತ್ತು. ಆವತ್ತು ಒಂದು ಕಡಜ ಬಂದು ಪಂಡಿತರ ಬೋಳುತಲೆಯ ಮೇಲೆ ಕೂತು, ಹಿಂಗಾಲಿನಿಂದ ರೆಕ್ಕೆ ಒರೆಸಿಕೊಳ್ಳುತ್ತಿತ್ತು. ಪುಟ್ಟೀರಿ ಒನಕೆಯ ತುದಿಯಿಂದ ಗೂಡನ್ನು ತಿವಿದಳು. ಶಿಷ್ಯ ಕಿರುಚಿಕೊಂಡು ಹೊರಗೆ ಓಡಿದ. ಕಡಜಗಳು ಮಾತ್ರ ಗೂಡಿನ ಬಾಯಿಗೆ ಬಂದು, ಅವಳನ್ನು ನೋಡಿ, ಮತ್ತೆ ಒಳಗೆ ಹೋದವು.

“ಮದ್ದು ಕುಡಿದದ್ದು ಇವು!” ಎಂದಳು ಪುಟ್ಟೀರಿ. “ಪಂಡಿತರೇ, ಬಳ್ಳಿಯ ಸತ್ವವೆಲ್ಲ ಆವಿಯ ಜೊತೆ ತೊಲೆಗೆ ಹೋಯ್ತು. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಎಲೆ ತೊಳೆದ ನೀರು.”

“ಏಳು ತಲೆಮಾರಿನಿಂದ ನಾವು ಹೀಗೇ ಕುದಿಸಿದ್ದೇವೆ,” ಎಂದರು ಪಂಡಿತರು.

“ಹಾಗಾದರೆ ಏಳು ತಲೆಮಾರಿನಿಂದ ಕಡಜಗಳು ಗಟ್ಟಿಮುಟ್ಟಾಗಿವೆ.”

ಪಂಡಿತರು ಶಾಲು ಕೊಡವಿಕೊಂಡು ಹೋದರು. ಎಲೆ ಮುಗಿದಿತ್ತು. ರಾಜಕುಮಾರ ತಲೆ ಕೆರೆದುಕೊಂಡ. “ಮತ್ತೆ ನಾನು ಹೋದರೆ ಪ್ರಯೋಜನ ಇಲ್ಲ ಅಕ್ಕ. ಕತ್ತಿ ಕೊಟ್ಟ ಮೇಲೆ ನನ್ನಲ್ಲಿ ಕೇಳುವಂಥದ್ದು ಏನೂ ಉಳಿದಿಲ್ಲ ಅಂತ ಹೊನ್ನುಡವೇ ಹೇಳಿತು.”

“ಹಾಗಾದರೆ ಇವಳನ್ನ ಎತ್ತಿಕೊಳ್ಳಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿಕೊಂಡಿರಿ. ಬೆನ್ನು ಸವರ್ತಾ ಇರಿ. ರಾಜಕುಮಾರರಿಗೆ ಕೈ ನೋವು ಬರಲ್ಲ ತಾನೆ?”

ಮರುದಿನ ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಪುಟ್ಟೀರಿ ಬುಟ್ಟಿ ಹಿಡಿದು ಹೊನ್ನುಡದ ಮುಂದೆ ನಿಂತಿದ್ದಳು. ಅದು ಅವಳನ್ನು ಮೂಸಿತು. ಅವಳ ಸೀರೆ ಮೂಸಿತು, ಕೈಯ ಗಂಟು ಮೂಸಿತು, ನಾಲಗೆಯ ಹತ್ತಿರ ಬಂದು ನಿಂತಿತು.

“ಯಾವುದು ಇಲ್ಲದಿದ್ದರೆ ನೀನು ನೀನಲ್ಲವೋ ಅದನ್ನು ಕೊಡು. ನಿನ್ನ ಸಿಟ್ಟು ಕೊಡು.”

“ಅದೊಂದನ್ನ ಬಿಟ್ಟು ಬೇರೇನಾದರೂ ಕೇಳು,” ಎಂದಳು ಪುಟ್ಟೀರಿ. “ಓಲೆ ತಗೊ. ಕೂದಲು ತಗೊ. ಅರಮನೆಯಲ್ಲಿ ಆ ಸಿಟ್ಟಿಲ್ಲದೆ ನಾನು ಒಂದು ಗಳಿಗೆ ಬದುಕೋಕಾಗಲ್ಲ.”

“ಅದಕ್ಕೇ ಕೇಳಿದ್ದು.”

“ಮಗು ಸಾಯ್ತಾ ಇದೆ ಕಣೋ, ಉಡವೇ!”

“ಎಂಥ ಸಿಟ್ಟು!” ಎಂದು ಹೊನ್ನುಡ ನಾಲಗೆ ಚಾಚಿತು. “ಆಗಲಿ, ಒಂದು ದಿನದ್ದು ಕೊಡು. ನಾಳೆ ಇದೇ ಹೊತ್ತಿಗೆ ತಾನಾಗೇ ನಿನ್ನ ಹತ್ತಿರ ಬರುತ್ತೆ.”

ಒಂದು ದಿನ ತಾನೇ, ಎಂದುಕೊಂಡಳು ಪುಟ್ಟೀರಿ. ಒಪ್ಪಿದಳು. ಎದೆಯಿಂದ ಒಂದು ಬಿಸಿ ಉಂಡೆ ಎದ್ದು ಬಾಯಿಯಿಂದ ಹೊರಗೆ ಬಂತು. ಹೊನ್ನುಡ ಅದನ್ನು ನುಂಗಿತು. ಪುಟ್ಟೀರಿಗೆ ಮೈ ಹಗುರಾಯಿತು. ಎಲೆ ಕಿತ್ತು, ಬಳ್ಳಿಗೆ ಕೈ ಮುಗಿದು, ಮೆಲ್ಲಗೆ ನಡೆದು ಊರಿಗೆ ಬಂದಳು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಮಡಕೆಗೆ ಎಲೆಯನ್ನೂ ಸ್ವಲ್ಪ ನೀರನ್ನೂ ಹಾಕಿದಳು. ಮೇಲೆ ಇನ್ನೊಂದು ಮಡಕೆ ಬೋರಲು ಹಾಕಿ, ಸಂದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿದಳು. ಮೇಲಿನ ಮಡಕೆಗೆ ತೂತು ಕೊರೆದು, ಒಂದು ಬಿದಿರಿನ ಕೊಳವೆ ಸಿಕ್ಕಿಸಿ, ಅದರ ಬಾಯಿಯನ್ನು ತಣ್ಣೀರಿನಲ್ಲಿಟ್ಟ ಬಟ್ಟಲಿಗೆ ಬಿಟ್ಟಳು. ಆವಿಗೆ ಓಡಿಹೋಗಲು ದಾರಿ ಇಲ್ಲದೆ ಕೊಳವೆಯಲ್ಲೇ ತಣ್ಣಗಾಗಿ ಬಟ್ಟಲಿಗೆ ತೊಟ್ಟಿಕ್ಕಿತು. ಬಟ್ಟಲಲ್ಲಿ ತಿಳಿನೀರು ತುಂಬಿತು. ನೀರಿನ ಮೇಲೆ ತೆಳ್ಳಗೆ ಹಸಿರು ಜಿಡ್ಡು ತೇಲಿತು. ಆ ಜಿಡ್ಡೇ ಮದ್ದು. ಮೂಗಿಗೆ ಹಿಡಿದರೆ ಸಾಕು, ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಪಂಡಿತರು ಒಳಗೆ ಬಂದರು. ಬಟ್ಟಲಿಗೆ ಬಗ್ಗಿ ನೋಡಿದರು.

“ಇದೇನಿದು ಕೊಳೆ? ಮದ್ದಿನ ಮೇಲೆ ಜಿಡ್ಡು ತೇಲಬಾರದು ಅಂತ ನಿನಗೆ ಗೊತ್ತಿಲ್ಲವೇನೆ? ರಾಜರು ಕುಡಿಯೋದು ಇದು!” ಎಂದು ಸೌಟು ತೆಗೆದುಕೊಂಡರು.

“ಹೂಂ,” ಎಂದಳು ಪುಟ್ಟೀರಿ.

ಪಂಡಿತರು ಜಿಡ್ಡನ್ನು ಸೌಟಿನಿಂದ ಬಾಚಿ ಮೋರಿಗೆ ಚೆಲ್ಲಿದರು. ಒಂದು ಸಲ ಬಾಚಿದರು, ಎರಡು ಸಲ ಬಾಚಿದರು, ಮೂರನೇ ಸಲ ಬಟ್ಟೆಯಿಂದ ಅಂಚು ಒರೆಸಿದರು.

“ಈಗ ನೋಡು, ಎಷ್ಟು ಚೊಕ್ಕಟವಾಯಿತು.”

“ಹೂಂ. ನಿಮ್ಮಿಷ್ಟ.”

ಮೋರಿಯ ಕಡೆಯಿಂದ ಮಳೆಗಾಲದ ಹೊಲದ ವಾಸನೆ ಬರುತ್ತಿತ್ತು. ಪುಟ್ಟೀರಿಗೆ ಅದು ಬರುತ್ತಿತ್ತು, ಅದು ಏನೆಂದೂ ಗೊತ್ತಿತ್ತು. ತಡೆಯಬೇಕು ಎಂದೂ ಗೊತ್ತಿತ್ತು. ಆದರೆ ತಡೆಯಲು ಏಳುವಂಥದ್ದು ಒಳಗೆ ಏನೂ ಇರಲಿಲ್ಲ. ಜಕ್ಕಿಗೆ ಬರೀ ನೀರು ಕುಡಿಸಿದಳು. ಬೆನ್ನಿಗೆ ಕಿವಿ ಇಟ್ಟಳು. “ಏಳನೇ ಪಕ್ಕೆಲುಬು,” ಎಂದ ದಳವಾಯಿ. “ಹೌದಾ,” ಎಂದಳು.

ಮರುದಿನ ಬೆಳಗ್ಗೆಯಿಂದ ಅವಳು ಮಗಳ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು. ಜಕ್ಕಿಯ ತುಟಿಯೂ ನೀಲಿಯಾಗಿತ್ತು. ಮಾತು ನಿಂತಿತ್ತು. ತಲೆ ಒಂದೊಂದು ಉಸಿರಿಗೂ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಮಗು ಒಂದು ಸಲ ತಾಯಿಯ ಸೆರಗು ಹಿಡಿದು ಎಳೆಯಿತು. ಪಾಪ, ಎಂದುಕೊಂಡಳು ಪುಟ್ಟೀರಿ, ಮಗು ಮುಳುಗುತ್ತಿದೆ. ಬೀಸಣಿಗೆ ಬೀಸುತ್ತಲೇ ಇದ್ದಳು. ಎದುರಿಗೆ ಕೂತಿದ್ದ ರಾಜಕುಮಾರ ಹೆದರಿಬಿಟ್ಟ.

“ಅಕ್ಕ, ನನಗಾದರೂ ಬೈಯಿ! ಬೆಳಗ್ಗೆಯಿಂದ ಹತ್ತು ಸಲ ಒಳಗೆ ಬಂದೆ, ಒಂದು ಸಲವೂ ಬೈದಿಲ್ಲ ನೀನು.”

“ಬನ್ನಿ ಬುದ್ಧಿ. ನಿಮ್ಮದೇ ಮನೆ ತಾನೆ,” ಎಂದಳು ಪುಟ್ಟೀರಿ.

ಬಿಸಿಲು ನೆತ್ತಿಗೆ ಬಂತು. ಕಿಟಕಿಯಿಂದ ಒಂದು ಬಿಸಿ ಉಂಡೆ ನುಗ್ಗಿ ಬಂದು ಪುಟ್ಟೀರಿಯ ಬಾಯಿಯೊಳಗೆ ಹೋಯಿತು.

ಅವಳು ಎದ್ದು ನಿಂತಳು. ಬೀಸಣಿಗೆಯನ್ನು ಎರಡು ಹೋಳು ಮಾಡಿದಳು. ಪಂಡಿತರ ಸೌಟು ಗೂಟದಲ್ಲಿ ತೂಗುತ್ತಿತ್ತು. ಅದನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿದಳು. ಹಿತ್ತಾಳೆ ಸೌಟು ಚಪ್ಪಟೆಯಾಗುವವರೆಗೂ ಕುಟ್ಟಿದಳು. ಆಮೇಲೆ ರಾಜಕುಮಾರನ ಕಡೆ ತಿರುಗಿದಳು.

“ನೀವೂ ಇಲ್ಲೇ ಇದ್ದಿರಲ್ಲ ನಿನ್ನೆ! ಬಾಯಲ್ಲಿ ಏನಿತ್ತು, ಕಡುಬಾ? ಅವರು ಚೆಲ್ಲೋದನ್ನ ನೋಡ್ತಾ ಕೂತಿದ್ದಿರಾ?”

“ನೀನೇ ಹೂಂ ಅಂದೆಯಲ್ಲ ಅಕ್ಕ. ನೀನು ಹೂಂ ಅಂದ ಮೇಲೆ ಸರಿ ಇರಬೇಕು ಅಂದುಕೊಂಡೆ.”

ಅವಳು ಮಗಳನ್ನು ಅವನ ತೋಳಿಗೆ ಹಾಕಿ, ಅವನದೇ ಕುದುರೆ ಹತ್ತಿ ಗುಡ್ಡಕ್ಕೆ ಹೋದಳು. ಕುದುರೆ ಹತ್ತಿ ಅವಳಿಗೆ ಅಭ್ಯಾಸವಿರಲಿಲ್ಲ. ಆವತ್ತು ಕುದುರೆ ಅದನ್ನು ಎತ್ತಿ ಆಡಲಿಲ್ಲ.

ಹೊನ್ನುಡ ಗುರುತು ಸಿಗದಂತಾಗಿತ್ತು. ಬಾಲವನ್ನು ತಾನೇ ಕಚ್ಚಿಕೊಂಡು ಗಾಯ ಮಾಡಿಕೊಂಡಿತ್ತು. ಸುತ್ತಲಿನ ಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ, ಬೈದು ಓಡಿಸಿತ್ತು. ಚಿನ್ನದ ಹುರುಪೆ ಅರ್ಧ ಉದುರಿ ಬಂಡೆಯ ಮೇಲೆ ಬಿದ್ದಿತ್ತು.

“ಬಂದೆಯಾ?” ಎಂದು ಅದು ನಡುಗಿತು. “ಹೆಣ್ಣೇ, ನೀನು ಅದನ್ನು ಒಳಗೆ ಇಟ್ಟುಕೊಂಡು ಹೇಗೆ ಓಡಾಡ್ತೀಯ? ಒಂದು ನಿಮಿಷ ಕಣ್ಣು ಮುಚ್ಚಲಿಲ್ಲ ನಾನು. ಹಕ್ಕಿ ಕೂಗಿದರೆ ಸಿಟ್ಟು, ಕೂಗದಿದ್ದರೆ ಸಿಟ್ಟು. ಕಲ್ಲು ಕಲ್ಲಾಗಿದೆ ಅಂತ ಸಿಟ್ಟು!”

“ಎಲೆಗೆ ಇವತ್ತು ಏನು ಕೊಡಬೇಕು? ಇನ್ನೊಂದು ದಿನದ್ದು ಕೊಡಲಾ?”

“ಬೇಡ! ಬೇಡ!” ಎಂದು ಹೊನ್ನುಡ ಬಂಡೆಯ ಸಂದಿಗೆ ನುಗ್ಗಿತು. “ಎಷ್ಟು ಬೇಕೋ ಅಷ್ಟು ಕಿತ್ತುಕೊ. ಆ ಹುಡುಗನ ಕತ್ತಿಯನ್ನೂ ಒಯ್ಯಿ. ಇನ್ನು ಮೇಲೆ ಯಾರು ಬಂದರೂ ನಾನೇನೂ ಕೇಳಲ್ಲ.”

ಪುಟ್ಟೀರಿ ನಾಲ್ಕು ಬುಟ್ಟಿ ಎಲೆ ಕಿತ್ತು ಕುದುರೆಗೆ ಹೇರಿದಳು. ಕತ್ತಿಯನ್ನು ಎಲೆಯ ಮೇಲೆ ಸಿಕ್ಕಿಸಿದಳು.

ಮದ್ದಿನಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಪಂಡಿತರು ಬಾಗಿಲಲ್ಲಿ ಅಡ್ಡ ನಿಂತಿದ್ದರು, ಕೈಯಲ್ಲಿ ಚಪ್ಪಟೆ ಸೌಟು.

“ಏಳು ತಲೆಮಾರಿನ ಸೌಟು ಇದು!”

“ಪಂಡಿತರೇ, ನಿಮಗೆ ನಾನು ದೊಡ್ಡ ನಮಸ್ಕಾರ ಮಾಡ್ತೀನಿ. ಆದರೆ ಇವತ್ತು ಈ ಮಡಕೆಯ ಹತ್ತಿರ ಬಂದರೆ ಆ ಕಣಕವನ್ನ ನಿಮ್ಮ ಗಡ್ಡಕ್ಕೇ ಮೆತ್ತುತೀನಿ. ಅಲ್ಲಿ ಕೂತ್ಕೊಳ್ಳಿ. ಕೈ ಕಟ್ಟಿಕೊಳ್ಳಿ. ಶಂಖದವನೂ ಕೂತ್ಕೊಳ್ಳಲಿ.”

ಪಂಡಿತರು ಕೂತರು. ಶಂಖದವನು ಅವರಿಗಿಂತ ಮೊದಲೇ ಕೂತಿದ್ದ.

ಮಡಕೆ ಕುದಿಯಿತು. ಬಟ್ಟಲು ತುಂಬಿತು. ಹಸಿರು ಜಿಡ್ಡು ತೇಲಿತು. ನೀರಿನ ಜೊತೆ ಕುಡಿಸಿದರೆ ಅದು ಬಟ್ಟಲಿನ ಅಂಚಿಗೇ ಅಂಟಿಕೊಳ್ಳುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಒಗ್ಗರಣೆ ಹಾಕುವ ಯಾವ ಹೆಂಗಸಿಗೂ ಗೊತ್ತು, ನೀರಿಗೆ ಬಿಡದ ಬಣ್ಣ ಎಣ್ಣೆಗೆ ಬಿಡುತ್ತದೆ. ಪುಟ್ಟೀರಿ ಬಿಸಿ ತುಪ್ಪವನ್ನು ಬಟ್ಟಲಿಗೆ ಹನಿಸಿದಳು. ಜಿಡ್ಡೆಲ್ಲ ತುಪ್ಪಕ್ಕೆ ಸೇರಿತು. ತುಪ್ಪವನ್ನು ಮೇಲಿನಿಂದ ತೆಗೆದು ಒಂದು ಒಳಲೆಗೆ ಹಾಕಿಕೊಂಡಳು. ಕೂಸುಗಳಿಗೆ ಹಾಲು ಕುಡಿಸುವ ಒಳಲೆ, ಜಕ್ಕಿಯದೇ.

ಒಂಬತ್ತನೇ ಪಕ್ಕೆಲುಬು ಆಗಿತ್ತು.

ಒಂದು ತೊಟ್ಟು ನಾಲಗೆಗೆ ಬಿಟ್ಟಳು. ಬೆನ್ನಿಗೆ ಕಿವಿ ಇಟ್ಟಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಯಾರೋ ಮೂಗು ಎಳೆದುಕೊಂಡ ಸದ್ದು. “ಅಪ್ಪಣೆ ಬಂದ ಹಾಗಿದೆ,” ಎಂದ ದಳವಾಯಿ. “ಪಂಜು ಆರಿಸ್ರೋ!”

ಎರಡನೇ ತೊಟ್ಟು ಬಿಟ್ಟಳು. “ಕೊಡ ಕೆಳಗಿಡ್ರೋ!” ಎಂದ ದಳವಾಯಿ. ನೀರು ಸುರಿಯುವ ಸದ್ದು ನಿಂತಿತು.

ಮೂರನೇ ತೊಟ್ಟು ಬಿಟ್ಟಳು. “ಕೂತ್ಕೊಳ್ರಪ್ಪಾ,” ಎಂದ ದಳವಾಯಿ. ಅವನ ದನಿಯಲ್ಲಿ ಆಯಾಸವಿತ್ತು. “ಆರು ದಿನ ಆಯ್ತು ನಿಂತು. ಕೂತ್ಕೊಳ್ಳಿ ಎಲ್ಲರೂ.”

“ಒಳಲೆಯಲ್ಲಿರೋದೆಲ್ಲ ಕುಡಿಸಿಬಿಡು,” ಎಂದರು ಪಂಡಿತರು, ಕೈ ಕಟ್ಟಿಕೊಂಡೇ. “ಬೇಗ ವಾಸಿಯಾಗಲಿ.”

“ಕೂತರೆ ಸಾಕು. ಇನ್ನೊಂದು ತೊಟ್ಟು ಬಿಟ್ಟರೆ ಮಲಗಿಬಿಡ್ತಾರೆ. ನಿನ್ನೆ ನನಗೆ ಏನಾಗಿತ್ತೋ ನೋಡಿದಿರಲ್ಲ.”

ಪಂಡಿತರು ತಲೆ ತಗ್ಗಿಸಿದರು.

ನೀರು ಒಂಬತ್ತರಿಂದ ಎಂಟಕ್ಕೆ ಇಳಿಯಿತು, ಎಂಟರಿಂದ ಆರಕ್ಕೆ. ಜಕ್ಕಿಯ ಉಗುರಿಗೆ ಬಣ್ಣ ಬಂತು. ಆರು ದಿನದಲ್ಲಿ ಮೊದಲ ಸಲ ಮಗು ಅಂಗಾತ ಮಲಗಿ, ಕಾಲು ಚಾಚಿ, ನಿದ್ದೆ ಹೋಯಿತು. ಅವಳನ್ನು ಎತ್ತಿಕೊಂಡು ಎತ್ತಿಕೊಂಡು ರಾಜಕುಮಾರನ ಎರಡು ತೋಳೂ ಮರಗಟ್ಟಿದ್ದವು. ಪುಟ್ಟೀರಿ ಕತ್ತಿ ಕೊಡಲು ಹೋದರೆ ಹಿಡಿದುಕೊಳ್ಳಲು ಅವನಿಗೆ ಬೆರಳು ಮಡಚಲಿಲ್ಲ.

“ಅಲ್ಲೇ ಎಲ್ಲಾದರೂ ಒರಗಿಸಿಡು ಅಕ್ಕ,” ಎಂದ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ರಾಜರಿಗೆ ಮೂರು ತೊಟ್ಟು, ಅಗಸರ ಮನೆಗೆ ಮೂರು ತೊಟ್ಟು, ಕುಂಬಾರರ ಮನೆಗೆ ಮೂರು ತೊಟ್ಟು. ಮನೆ ಮನೆಗೆ ಒಳಲೆ ಹಿಡಿದುಕೊಂಡು ಓಡಿದವರು ನರಹರಿ ಪಂಡಿತರೇ. ಪ್ರತಿ ಮನೆಯಲ್ಲೂ ನೆಲಕ್ಕೆ ಕೂತು, ಶಾಲು ಪಕ್ಕಕ್ಕಿಟ್ಟು, ಕಾಯಿಲೆಯವರ ಬೆನ್ನಿಗೆ ಕಿವಿ ಇಟ್ಟರು. ಮೊದಲ ಸಲ ಏಳುವಾಗ ಅವರ ಸೊಂಟ ಹಿಡಿದುಕೊಂಡಿತು. ಪುಟ್ಟೀರಿಯೇ ಎಣ್ಣೆ ತಿಕ್ಕಿದಳು, ಬೈದುಕೊಂಡೇ ತಿಕ್ಕಿದಳು. ಮದ್ದಿನಮನೆಯಲ್ಲಿ ಬಾಯಿ ತೆರೆದು ಕುದಿಸುವ ಪದ್ಧತಿ ಹೋಗಿ ಬಾಯಿ ಮುಚ್ಚಿ ಕುದಿಸುವ ಪದ್ಧತಿ ಬಂತು. ಕಡಜಗಳು ಮತ್ತೆ ಕಚ್ಚಲು ಶುರು ಮಾಡಿದವು. ಹೊಗೆಮಾರನ ಮಸಿಯನ್ನು ಮಳೆ ತೊಳೆಯಿತು. ತುಂಬೆನಾಡಿನವರು ಬಹಳ ವರ್ಷ ಹೊಟ್ಟೆ ತುಂಬ ಉಂಡು, ಎದೆ ತುಂಬ ಉಸಿರಾಡಿ, ನೆಮ್ಮದಿಯಾಗಿದ್ದರು.

ಜಕ್ಕಿಯೂ ಮೊದಲಿನಂತಾದಳು. ಹತ್ತನೇ ದಿನಕ್ಕೆ ಬೇಲಿ ಹಾರಿದಳು. ಹನ್ನೆರಡನೇ ದಿನ ಮಾವಿನ ಮರ ಹತ್ತಿ, ಇಳಿಯಲು ಬಾರದೆ ಇಡೀ ಕೇರಿಯನ್ನು ಕೂಗಿ ಸೇರಿಸಿದಳು. ಹದಿನೈದನೇ ದಿನ ಮದ್ದಿನಮನೆಗೆ ಬಂದು ತಾಯಿಯ ಎದುರು ಕೂತಳು. ಪುಟ್ಟೀರಿ ಶುಂಠಿ ಕುಟ್ಟುತ್ತಿದ್ದಳು.

“ಅವ್ವಾ, ನನ್ನ ಬೆನ್ನಿಗೆ ಕಿವಿ ಇಡು. ದಳವಾಯಿ ಇನ್ನೂ ಕೂತೇ ಇದ್ದಾನಾ ನೋಡು.”

ಪುಟ್ಟೀರಿ ಬಗ್ಗಿ ಕಿವಿ ಇಟ್ಟಳು. ಒಳಗೆ ಉಸಿರು ತಿಳಿಯಾಗಿ ಹೋಗಿ ಬರುತ್ತಿತ್ತು. ದಳವಾಯಿ ಮಾತಾಡಲಿಲ್ಲ. “ಏನಪ್ಪಾ?” ಎಂದಳು. ಯಾರೂ ‘ಅಡ್ಡ ಬರಬೇಡಿ’ ಎನ್ನಲಿಲ್ಲ. ಇನ್ನೊಂದು ಸಲ ಕರೆದಳು. ಒಳಗೆ ಎಲ್ಲೋ ಒಬ್ಬ ಆಕಳಿಸಿದ ಹಾಗಾಯಿತು, ಅಷ್ಟೆ.

“ಕೂತಿದ್ದಾರೆ,” ಎಂದಳು.

“ಎದ್ದು ನಿಲ್ಲೋಕೆ ಅವರಿಗೆ ಯಾವ ವಾಸನೆ ಬೇಕು?”

“ಕಳ್ಳ ಬಂದರೆ ತಾವೇ ಏಳ್ತಾರೆ.”

“ಆವತ್ತು ಕಳ್ಳ ಹೋಗಿದ್ದೇ ಅವರಿಗೆ ಗೊತ್ತಾಗಲಿಲ್ಲ ಅಲ್ವಾ?” ಎಂದಳು ಜಕ್ಕಿ.

ಪುಟ್ಟೀರಿ ಒನಕೆ ಎತ್ತಿದಳು. ಕುಟ್ಟಲಿಲ್ಲ. ಜಕ್ಕಿ ಅವಳ ಮೊಣಕಾಲು ಹಿಡಿದು ಅಲುಗಾಡಿಸಿದಳು.

“ಹಾಗಾದರೆ ಅವ್ವಾ, ಕಳ್ಳ ಬಂದಿದ್ದು ಅವರಿಗೆ ಹೇಗೆ ಗೊತ್ತಾಗುತ್ತೆ?”